ಪ್ರಮಾಣಪತ್ರಕ್ಕಷ್ಟೇ ಕಲಿಕೆಯೇ?

ಶಿಕ್ಷಕರು ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿಪರ ಕಲಿಕೆಯಲ್ಲಿ ತೊಡಗಬೇಕೆಂಬುದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಆಶಯ. ಅದಕ್ಕಾಗಿ ಸರ್ಕಾರದ ‘ದೀಕ್ಷಾ’ ಜಾಲತಾಣದಲ್ಲಿ ಆನ್‌ಲೈನ್ ಕೋರ್ಸುಗಳೇನೋ ಇವೆ. ಆದರೆ ಅನೇಕರು ವಿಡಿಯೊ ಓಡಲು ಬಿಟ್ಟು ಉತ್ತರಪತ್ರಿಕೆ ತಿದ್ದುತ್ತಾರೆ. ಕೋರ್ಸಿನ ಕೊನೆಯ ಪ್ರಶ್ನೆಗಳಿಗೆ ಉತ್ತರ ವಾಟ್ಸ್‌ಆ್ಯಪ್‌ನಲ್ಲಿ ಸಿದ್ಧವಾಗಿಯೇ ಬರುತ್ತದೆ! ನಿಜವಾದ ಕಲಿಕೆ ನಡೆಯುವುದು ಬೇರೆಡೆ: ಹತ್ತನೇ ತರಗತಿಗೆ ಬಾಹ್ಯ ಬಿಂದುವಿನಿಂದ ವೃತ್ತಕ್ಕೆ ಸ್ಪರ್ಶಕಗಳನ್ನು ಜಿಯೋಜೀಬ್ರಾ ಗಣಿತ ತಂತ್ರಾಂಶದಲ್ಲಿ ಎಳೆದು, ಆ ಬಿಂದುವನ್ನು ಸರಿಸಿದರೂ ಅವುಗಳ ಉದ್ದ ಸಮನಾಗಿಯೇ ಉಳಿಯುವುದನ್ನು ತೋರಿಸಲು ನಾನು ಕಲಿತದ್ದು ಪಕ್ಕದ ತಾಲ್ಲೂಕಿನ ಶಿಕ್ಷಕಿಯೊಬ್ಬರಿಂದ, ಫೋನಿನಲ್ಲಿ. ಕನ್ನಡದಲ್ಲಿ ಶಿಕ್ಷಕರೇ ಬರೆದು ತಿದ್ದಬಹುದಾದ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಜಾಲತಾಣವೂ ಇದೆ. ಹೀಗೆ ಸಹೋದ್ಯೋಗಿಗಳಿಗೆ ಕಲಿಸಿದ, ಪಾಠ ಬರೆದು ಹಂಚಿದ ಸಮಯವನ್ನೂ ಇಲಾಖೆ ಆ 50 ಗಂಟೆಯ ಲೆಕ್ಕಕ್ಕೆ ಹಿಡಿಯಲಿ. ಶಾಲೆಗೆ ನೆಟ್‌ವರ್ಕ್ ಕೊಡುವುದು ಅದಕ್ಕೂ ಮೊದಲಿನ ಕೆಲಸ.

– ಪ್ರೌಢಶಾಲಾ ಗಣಿತ ಶಿಕ್ಷಕಿ, ಹಾವೇರಿ ಜಿಲ್ಲೆ