ಲೆಕ್ಕ ಯಾರ ಕಣ್ಣಿಗೆ ಬೀಳಬೇಕು?

ಗೂಗಲ್ ಶೀಟ್ಸ್ ಒಳ್ಳೆಯದೋ, ಕಂಪ್ಯೂಟರಿನಲ್ಲೇ ಇರುವ ಎಕ್ಸೆಲ್ ಒಳ್ಳೆಯದೋ? ನಮ್ಮ ಕಾಮರ್ಸ್ ತರಗತಿಯಲ್ಲಿ ಈ ವಾದ ಆಗಾಗ ನಡೆಯುತ್ತದೆ. ಹೆಚ್ಚಿನವರು ಶೀಟ್ಸ್ ಪರ. ದುಡ್ಡು ಕೊಡಬೇಕಿಲ್ಲ, ಮೊಬೈಲಿನಲ್ಲೇ ತೆರೆಯುತ್ತದೆ, ಸೇವ್ ಮಾಡಲು ಮರೆತರೂ ಕೆಲಸ ಉಳಿಯುತ್ತದೆ. ನಾನೂ ಅದೇ ಪಕ್ಷದಲ್ಲಿದ್ದೆ.

ನಮ್ಮ ಅಬ್ಬಾ ಅವರದು ಕಿರಾಣಿ ಅಂಗಡಿ. ರಜೆಯಲ್ಲಿ ಅವರ ಉದ್ರಿ ಪುಸ್ತಕವನ್ನು ಶೀಟ್ಸ್‌ಗೆ ಇಳಿಸಿದೆ. ಹೆಸರು, ತಾರೀಖು, ಬಾಕಿ, ಎಲ್ಲವೂ. ಒಂದು ಸೂತ್ರ ಸರಿಬರಲಿಲ್ಲ. ಲಿಂಕ್ ಇರುವ ಯಾರು ಬೇಕಾದರೂ ನೋಡುವಂತೆ ಬದಲಾಯಿಸಿ, ಗೆಳತಿಯರ ವಾಟ್ಸಾಪ್ ಗುಂಪಿಗೆ ಕಳುಹಿಸಿದೆ. ಐದು ನಿಮಿಷದಲ್ಲಿ ಸೂತ್ರ ಸರಿಹೋಯಿತು. ಆದರೆ ನಮ್ಮ ಬೀದಿಯಲ್ಲಿ ಯಾರ ಬಾಕಿ ಎಷ್ಟು ಎಂಬುದು ಎಲ್ಲರಿಗೂ ಕಾಣಿಸಿತು. ಪಟ್ಟಿಯಲ್ಲಿ ಗುಂಪಿನ ಒಬ್ಬಳ ಮನೆಯ ಹೆಸರೂ ಇತ್ತು. ಮರುದಿನ ಅವಳು ನನ್ನ ಪಕ್ಕ ಕೂರಲಿಲ್ಲ.

ಅಬ್ಬಾ ಬೈಯಲಿಲ್ಲ. "ಬೇಟಾ, ಆ ಪುಸ್ತಕ ಅಮಾನತ್" ಎಂದರು, ಅಷ್ಟೇ. ಕನ್ನಡ ಪತ್ರಿಕೆಗಳಲ್ಲಿ ಅಮಾನತು ಎಂದರೆ ನೌಕರನನ್ನು ಕೆಲಸದಿಂದ ದೂರವಿಡುವುದು. ನಮ್ಮ ಮನೆಯ ಉರ್ದುವಿನಲ್ಲಿ ಅದು ನಂಬಿ ಒಪ್ಪಿಸಿದ ವಸ್ತು.

ತಪ್ಪು ಶೀಟ್ಸ್‌ನದಲ್ಲ, ನನ್ನದು. ಹಾಗೆಯೇ ಡೆಸ್ಕ್‌ಟಾಪ್‌ನಲ್ಲಿಟ್ಟ ಮಾತ್ರಕ್ಕೆ ಭಯವಿಲ್ಲ ಎಂದೂ ಅಲ್ಲ. ಹಾರ್ಡ್ ಡಿಸ್ಕ್ ಕೆಟ್ಟರೆ ಲೆಕ್ಕವೂ ಹೋಯಿತು. ಪೆನ್ ಡ್ರೈವಿನಲ್ಲಿ ಇನ್ನೊಂದು ಪ್ರತಿ ಇರಲೇಬೇಕು. ಎಕ್ಸೆಲ್ ಕೊಳ್ಳಲು ದುಡ್ಡಿಲ್ಲದವರಿಗೆ ಲಿಬ್ರೆಆಫೀಸ್ ಕ್ಯಾಲ್ಕ್ ಉಚಿತವಾಗಿ ಸಿಗುತ್ತದೆ, ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ಎಕ್ಸೆಲ್‌ನಂತೆ ಅದರ ಒಂದು ಹಾಳೆಯಲ್ಲೂ 10,48,576 ಸಾಲುಗಳಿವೆ. ಕಿರಾಣಿ ಅಂಗಡಿಗೆ ಇನ್ನೆಷ್ಟು ಬೇಕು?

ಆದ್ದರಿಂದ ಯಾವುದು ಒಳ್ಳೆಯದು ಎಂದು ಕೇಳುವ ಮೊದಲು, ಈ ಲೆಕ್ಕವನ್ನು ಯಾರು ನೋಡಬೇಕು ಎಂದು ಕೇಳೋಣ. ಕಾಲೇಜು ಕಾರ್ಯಕ್ರಮದ ಖರ್ಚನ್ನು ನಾಲ್ಕು ಜನ ಬರೆಯುವುದಾದರೆ ಶೀಟ್ಸ್ ಸರಿ. ಯಾರು, ಯಾವಾಗ, ಏನು ಬದಲಿಸಿದರು ಎಂಬುದು ಅದರಲ್ಲಿ ದಾಖಲಾಗುತ್ತದೆ. ಬೇರೆಯವರ ಸಾಲ, ಸಂಬಳ, ಅಂಕಗಳ ಪಟ್ಟಿಯಾದರೆ ಪಾಸ್‌ವರ್ಡ್ ಹಾಕಿದ ಫೈಲಾಗಿ ನಮ್ಮ ಕಂಪ್ಯೂಟರಿನಲ್ಲೇ ಇರಲಿ.

ಲ್ಯಾಬಿನಲ್ಲಿ ನಮಗೆ ಸೂತ್ರಗಳನ್ನು ಚೆನ್ನಾಗಿ ಕಲಿಸುತ್ತಾರೆ. ಶೇರ್ ಬಟನ್ ಒತ್ತುವ ಮೊದಲು ಏನು ನೋಡಬೇಕು ಎಂಬುದಕ್ಕೂ ಒಂದು ಪೀರಿಯಡ್ ಕೊಡಿ ಎಂದು ನಮ್ಮ ಉಪನ್ಯಾಸಕರಲ್ಲಿ ಕೇಳಿಕೊಳ್ಳುತ್ತೇನೆ.

ಗೆಳತಿಯಲ್ಲಿ ಕ್ಷಮೆ ಕೇಳಿದೆ. ಈಗ ಮತ್ತೆ ಪಕ್ಕದಲ್ಲೇ ಕೂರುತ್ತಾಳೆ. ಇದನ್ನೂ ಅವಳಿಗೆ ಮೊದಲು ಓದಲು ಕೊಟ್ಟು, ಅವಳು ಒಪ್ಪಿದ ಮೇಲೆಯೇ ಸಂಪಾದಕರ ಕೈಗೆ ಕೊಟ್ಟಿದ್ದೇನೆ.