ಕಾರಿಗೆ ಹಲ್ಲಿಲ್ಲ

‘ಚಲೋ ಇಟ್ಟ ಗಾಡಿ’ ಎಂಬುದರಷ್ಟು ಸವೆದುಹೋದ ಮಾತು ನಮ್ಮ ಕಡೆ ಇನ್ನೊಂದಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲಿ ಹಳೆಯ ಮೋಟಾರು ಮಾರಾಟಕ್ಕೆ ಬಂದರೂ ಇದೇ ಮಂತ್ರ. ಕೊಳ್ಳುವವನು ಬಣ್ಣ ಸವರಿ ನೋಡುತ್ತಾನೆ, ಓಡಿದ ಕಿಲೋಮೀಟರು ಕೇಳುತ್ತಾನೆ, ಚಹಾದಂಗಡಿಯಲ್ಲಿ ಕುಳಿತು ರೊಕ್ಕ ಎಣಿಸುತ್ತಾನೆ. ಮಾರುವವನು ಏನೂ ತುಂಬದ ನಮೂನೆಗೆ ಸಹಿ ಹಾಕಿ ಕೀಲಿಕೈ ಕೊಡುತ್ತಾನೆ. ಅಲ್ಲಿಗೆ ವ್ಯವಹಾರ ಮುಗಿಯಿತೆಂದು ಇಬ್ಬರೂ ತಿಳಿಯುತ್ತಾರೆ. ಮುಗಿದಿಲ್ಲವೆಂಬುದೇ ನನ್ನ ವಾದ.

ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಬಂಧುಗಳ ಮಗನೊಬ್ಬ ತನ್ನ ನಿಸ್ಸಾನ್ ೩೭೦ಝಡ್ ಕಾರನ್ನು ಮಾರಲು ಹೊರಟಿದ್ದಾನೆ. ಸಿಂದಗಿಯ ಕಡೆಯ ಗಿರಾಕಿ ಸಿಕ್ಕಿದ್ದಾನಂತೆ. ಎರಡೇ ಬಾಗಿಲು, ಆರು ಸಿಲಿಂಡರಿನ ೩.೭ ಲೀಟರ್ ಎಂಜಿನ್. ಜಪಾನಿನ ಓಟದ ಕಾರುಗಳಲ್ಲಿ ಹೆಸರಾದದ್ದು. ಹುಡುಗ ಅದನ್ನು ಮಗುವಿನಂತೆ ಸಾಕಿದ್ದಾನೆ, ಸುಳ್ಳಲ್ಲ. ಆದರೆ ಸಾಕುವುದರ ಜತೆಗೆ ತಿದ್ದಿಯೂ ಇದ್ದಾನೆ. ಸ್ಪ್ರಿಂಗು ಬದಲಿಸಿ ಎತ್ತರ ತಗ್ಗಿಸಿದ್ದಾನೆ, ಅಗಲವಾದ ಗಾಲಿ ಕೂಡಿಸಿದ್ದಾನೆ, ಸೈಲೆನ್ಸರ್ ಬೇರೆ ಹಾಕಿಸಿದ್ದಾನೆ. ನಮ್ಮ ಎರೆನಾಡಿನ ರಸ್ತೆಯ ಉಬ್ಬುಗಳಿಗೆ ಅದು ಹೊಟ್ಟೆ ತಾಗಿಸಿಯೇ ನಮಸ್ಕಾರ ಮಾಡುತ್ತದೆ. ‘ಕಾಕಾ, ಗಾಡಿಗೆ ಚಲೋ ಆಗ್ಲಿ ಅಂತನ ಮಾಡೀನಿ. ತಗೊಳ್ಳಾವ್ರಿಗೆ ಇದನ್ನೆಲ್ಲಾ ಯಾಕ ಹೇಳ್ಬೇಕು?’ ಎಂದು ಅವನ ಪ್ರಶ್ನೆ. ಚಲೋ ಆಗಿದ್ದರೆ ಮುಚ್ಚಿಡುವುದೇಕೆ ಎಂಬುದು ನನ್ನ ಪ್ರಶ್ನೆ.

೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮು ಸ್ಪಷ್ಟವಾಗಿದೆ: ತಯಾರಕರು ಮೊದಲು ನಮೂದಿಸಿದ ವಿವರಗಳಿಗೆ ಭೇದ ಬರುವಂತೆ ಗಾಡಿಯನ್ನು ಮಾರ್ಪಡಿಸಬಾರದು. ೨೦೧೯ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಈ ಮಾತನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ, ಅನುಮತಿಯಿಲ್ಲದ ಒಂದೊಂದು ಮಾರ್ಪಾಟಿಗೂ ೫,೦೦೦ ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಎರಡೂ. ಬಾಯಿ ಮುಚ್ಚಿ ಮಾರಿದರೆ, ಕೊಂಡ ಅಮಾಯಕನು ತಾನು ಮಾಡದ ಕೆಲಸಕ್ಕೆ ದಾರಿಯಲ್ಲಿ ನಿಂತು ಜವಾಬು ಕೊಡಬೇಕಾಗುತ್ತದೆ.

‘ನಮ್ಮ ಹಿರಿಯರು ಎತ್ತು ಮಾರುವಾಗ ಯಾವ ಕಾಗದ ನೋಡಿದ್ದರು?’ ಎನ್ನುವವರುಂಟು. ನಿಜ, ವಿಜಯಪುರದ ಸಿದ್ಧೇಶ್ವರ ಜಾತ್ರೆಯ ದನದ ಸಂತೆಗೆ ಕಾಗದ ಬೇಕಿರಲಿಲ್ಲ. ಬೆಲೆಯನ್ನು ಟವೆಲಿನಡಿಯಲ್ಲಿ ಬೆರಳು ಹಿಡಿದು ಗುಟ್ಟಾಗಿ ಹೇಳಿದರೂ ಎತ್ತು ಮಾತ್ರ ಬಯಲಿನಲ್ಲಿ ನಿಂತಿರುತ್ತಿತ್ತು. ಬಾಯಿ ತೆರೆಸಿ ಹಲ್ಲು ಎಣಿಸಬಹುದು, ಗೊರಸು ಎತ್ತಿ ನೋಡಬಹುದು, ನಡೆಸಿ ನೋಡಬಹುದು. ಕಾರಿಗೆ ಹಲ್ಲಿಲ್ಲ. ಅದರ ವಯಸ್ಸು, ರೋಗ, ಚಿಕಿತ್ಸೆಗಳನ್ನು ಹೇಳಬೇಕಾದದ್ದು ಕಾಗದವೇ. ಆ ಕಾರನ್ನು ಮಾಡಿದ ಜಪಾನಿನಲ್ಲಿಯೇ ನೋಡಿರಿ: ಅಲ್ಲಿ ಹಳೆಯ ಕಾರು ಹರಾಜಿಗೆ ಬಂದರೆ ಪರೀಕ್ಷಕನೊಬ್ಬ ಚೀಟಿ ಬರೆಯುತ್ತಾನೆ. ಅದರಲ್ಲಿ ದರ್ಜೆ ಇರುತ್ತದೆ, ಗೀರು ಎಲ್ಲಿ, ತಗ್ಗು ಎಲ್ಲಿ ಎಂಬ ಗುರುತು ಇರುತ್ತದೆ, ಅಪಘಾತವಾಗಿ ದುರಸ್ತಿ ಕಂಡಿದ್ದರೆ ಅದೂ ಇರುತ್ತದೆ. ಆ ಚೀಟಿಯಿಂದ ಅವರ ವ್ಯಾಪಾರವೇನೂ ನಿಂತುಹೋಗಿಲ್ಲ.

ಮುಚ್ಚಿಟ್ಟರೆ ಹಾನಿ ಕೊಂಡವನಿಗೆ ಮಾತ್ರವೆಂದು ಮಾರುವವರು ಹಿಗ್ಗಬೇಕಾಗಿಲ್ಲ. ೨೦೧೮ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಒಂದು ಪ್ರಕರಣ ತೀರ್ಮಾನವಾಯಿತು. ಕಾರು ಹಲವು ಕೈ ದಾಟಿತ್ತು, ಅಪಘಾತವಾದಾಗ ಬೇರೊಬ್ಬನ ವಶದಲ್ಲಿತ್ತು. ನೋಂದಣಿಯಲ್ಲಿ ಮಾತ್ರ ಮೊದಲಿನವನ ಹೆಸರೇ ಉಳಿದಿತ್ತು. ಪರಿಹಾರದ ಹೊಣೆ ಆ ಹೆಸರಿನವನದೇ ಎಂದು ನ್ಯಾಯಾಲಯ ಹೇಳಿತು. ಅದು ನ್ಯಾಯವೂ ಹೌದು. ಮನೆಯ ದುಡಿಯುವವನನ್ನು ಕಳೆದುಕೊಂಡ ಹೆಂಗಸು ಯಾರು ಯಾರಿಗೆ ಮಾರಿದರೆಂದು ಹುಡುಕುತ್ತ ನಾಲ್ಕು ತಾಲ್ಲೂಕು ಅಲೆಯಬೇಕೇ?

ಆದ್ದರಿಂದ ಮಾರುವ ಮಹಾಶಯರಲ್ಲಿ ನನ್ನ ಬೇಡಿಕೆ ಇಷ್ಟೇ. ಏನೇನು ಬದಲಿಸಿದ್ದೀರಿ ಎಂಬುದನ್ನು ಬರೆದು ಕೊಡಿರಿ. ತೆಗೆದಿಟ್ಟ ಮೂಲ ಬಿಡಿಭಾಗಗಳಿದ್ದರೆ ಮತ್ತೆ ಕೂಡಿಸಿರಿ. ದುರಸ್ತಿಯ ಪಾವತಿಗಳನ್ನು ಒಂದು ಕಡತ ಮಾಡಿರಿ. ನಮೂನೆ ೨೯ ಮತ್ತು ೩೦ನ್ನು ಪೂರ್ತಿ ತುಂಬಿ, ೧೪ ದಿನಗಳೊಳಗೆ ಸಾರಿಗೆ ಕಚೇರಿಗೆ ಮಾರಾಟ ತಿಳಿಸಿರಿ. ಕೊಳ್ಳುವವರೂ ಕಡತ ನೋಡದೆ ರೊಕ್ಕ ಬಿಚ್ಚಬಾರದು. ಇದರಿಂದ ಹತ್ತು ಗಿರಾಕಿಗಳಲ್ಲಿ ಇಬ್ಬರು ಹಿಂದೆ ಸರಿದಾರು, ಸರಿಯಲಿ. ವಿಷಯ ತಿಳಿದ ಮೇಲೆ ಬೇಡವೆನ್ನುವ ಗಿರಾಕಿಗೆ ತಿಳಿಸದೆ ಮಾರುವುದಕ್ಕೆ ವ್ಯಾಪಾರವೆಂಬ ಹೆಸರು ಸಲ್ಲದು.