ಆಶುಭಾಷಣ ಇದೆ, ಆಶುಗಾನ ಯಾಕಿಲ್ಲ?

ನಾಡಗೀತೆಯ ಧಾಟಿಯ ಜಗಳ ನೆನಪಿದೆಯಲ್ಲ? ಕುವೆಂಪು ಅವರ ಪದ್ಯ 2004ರಲ್ಲಿ ನಾಡಗೀತೆಯಾಯಿತು. ಆಮೇಲೆ ಮೈಸೂರು ಅನಂತಸ್ವಾಮಿ ಧಾಟಿಯೋ, ಸಿ. ಅಶ್ವಥ್ ಧಾಟಿಯೋ ಅಂತ ವರ್ಷಗಟ್ಟಲೆ ಎಳೆದಾಟ. 2022ರಲ್ಲಿ ಸರ್ಕಾರ ಅನಂತಸ್ವಾಮಿ ಧಾಟಿಯನ್ನೇ ಗೊತ್ತುಮಾಡಿ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಿ ಮುಗಿಸಬೇಕೆಂದು ಆದೇಶಿಸಿತು. ಗಾಯಕ ಕಿಕ್ಕೇರಿ ಕೃಷ್ಣಮೂರ್ತಿ ಹೈಕೋರ್ಟಿಗೆ ಹೋದರು. 2024ರಲ್ಲಿ ಅರ್ಜಿ ವಜಾ ಆಯಿತು.

ನಾಡಗೀತೆಗೆ ಒಂದೇ ಧಾಟಿ ಇರಲಿ, ನನ್ನ ತಕರಾರಿಲ್ಲ. ಸಾವಿರ ಜನ ಒಟ್ಟಿಗೆ ನಿಂತು ಹಾಡಬೇಕಾದ್ದು ಅದು. ಆದರೆ ಅದೇ ಸಾಲು ಬೇರೆ ಧಾಟಿಗೆ ಕೂತಾಗ ಯಾವ ಪದ ಎದ್ದು ನಿಲ್ಲುತ್ತೆ, ಎಲ್ಲಿ ಉಸಿರು ಸಿಗುತ್ತೆ, ಮನಸ್ಸಿಗೆ ಏನಾಗುತ್ತೆ? ಕೋರ್ಟಿನವರೆಗೂ ಹೋದ ಜಗಳದ ಹಿಂದಿದ್ದ ಈ ಪ್ರಶ್ನೆಯನ್ನ, ದಿನಾ ಬೆಳಗ್ಗೆ ಅದನ್ನು ಹಾಡುವ ಹೈಸ್ಕೂಲ್ ಮಕ್ಕಳ ಮುಂದೆ ನಾವು ಇಡಲೇ ಇಲ್ಲ. ಎರಡು ರೆಕಾರ್ಡಿಂಗ್, ಒಂದು ಮೊಬೈಲ್, ನಲವತ್ತು ನಿಮಿಷದ ಪೀರಿಯಡ್ ಸಾಕಿತ್ತು.

ನಮ್ಮ ಶಾಲೆಗಳಲ್ಲಿ ಸಂಗೀತ ಅಂದರೆ ಮೇಷ್ಟ್ರು ಒಂದು ಸಾಲು ಹೇಳಿದ್ದನ್ನ ಹುಡುಗರು ತಿರುಗಿ ಹೇಳೋದು. ಆಗಸ್ಟ್ 15 ಬಂತು, ಪ್ರಾಕ್ಟೀಸ್ ಶುರು. ಮುಗೀತು, ಹಾರ್ಮೋನಿಯಂ ಬೀರುವಿಗೆ. ಅದೂ ಸಂಗೀತ ಶಿಕ್ಷಕರು ಇರುವ ಅದೃಷ್ಟವಂತ ಶಾಲೆಗಳಲ್ಲಿ. ಎಸ್ಎಸ್ಎಲ್‌ಸಿಯ ಅಂಕದ ಲೆಕ್ಕ ಭಾಷೆ, ಗಣಿತ, ವಿಜ್ಞಾನ, ಸಮಾಜದಲ್ಲೇ ಮುಗಿಯೋದರಿಂದ ಯಾರೂ ಕೇಳೋದೂ ಇಲ್ಲ. ಎಂಜಿನಿಯರಿಂಗ್ ಓದಿದವನಾಗಿ ಹೇಳ್ತೀನಿ: ಲ್ಯಾಬ್ ಇಲ್ಲದ ವಿಜ್ಞಾನ ಹೇಗೋ, ಕೇಳಿಸಿಕೊಳ್ಳೋದು ಮತ್ತು ಕಟ್ಟೋದು ಇಲ್ಲದ ಸಂಗೀತ ಪಾಠವೂ ಹಾಗೇ. ಫಾರ್ಮುಲಾ ಬಾಯಿಪಾಠ, ಅಷ್ಟೇ.

ಇದು ಎಷ್ಟು ವಿಚಿತ್ರ ಅಂತ ಗೊತ್ತಾಗೋದು ಎಚ್.ಡಿ. ಕೋಟೆ ತಾಲ್ಲೂಕಿನ ಹಂಪಾಪುರದ ಕಡೆ ನಿಂತು ನೋಡಿದಾಗ. ಮೈಸೂರಿನಿಂದ ಮಾನಂದವಾಡಿಗೆ ಹೋಗೋ ರಸ್ತೆಯ ಊರು. ಈ ಸೀಮೆ ಮಂಟೇಸ್ವಾಮಿ, ಮಾದಪ್ಪನ ಸೀಮೆ. ತಂಬೂರಿ, ಡಿಮ್ಮು, ಗಗ್ಗರ ಹಿಡಿದು ಕೂತ ನೀಲಗಾರರು ರಾತ್ರಿಯಿಡೀ ಕಥೆ ಹಾಡ್ತಾರೆ. ಕಂಸಾಳೆಯವರು ಮಾದಪ್ಪನ ಕಥೆ ಎತ್ತಿಕೊಳ್ತಾರೆ. ಇವರು ಹಾಡೋದು ಪುಸ್ತಕ ನೋಡಿ ಅಲ್ಲ. ಮುಂದೆ ಕೂತ ಜನ ತೂಕಡಿಸಿದರೆ ಲಯ ಬಿಗಿಯಾಗುತ್ತೆ, ಕಣ್ಣೊರೆಸಿಕೊಂಡರೆ ಅದೇ ಸೊಲ್ಲು ಇನ್ನೂ ನಾಲ್ಕು ಸಲ ಸುತ್ತುತ್ತೆ. ಹಿಮ್ಮೇಳದವನು ಕಿವಿಗೊಟ್ಟು ಕಾಯ್ತಿರ್ತಾನೆ, ಮುಂದಿನ ಸಾಲು ಎಲ್ಲಿ ಇಳಿಯುತ್ತೆ ಅಂತ. ಇದು ಸಂಗೀತ ಸಂಯೋಜನೆ ಅಲ್ಲದೆ ಮತ್ತೇನು? ಮದುವೆ ಮನೆಯಲ್ಲಿ ಸೋಬಾನೆ ಹೇಳುವ ಅಜ್ಜಿ ಹೆಣ್ಣಿನ ಹೆಸರು, ಊರು, ಗಂಡಿನ ಕಡೆಯವರ ಜಂಬ ಎಲ್ಲವನ್ನೂ ಅಲ್ಲೇ ಧಾಟಿಗೆ ಕೂರಿಸ್ತಾಳೆ. ಆ ಅಜ್ಜಿಯ ಮೊಮ್ಮಗಳು ಒಂಬತ್ತನೇ ಕ್ಲಾಸಲ್ಲಿ ಜನಪದ ಗೀತೆಯ ಸಾರಾಂಶ ಬರೀತಾಳೆ.

ಇದೇ ತಾಲ್ಲೂಕಿನ ಹಾಡಿಗಳಲ್ಲಿ ಜೇನುಕುರುಬರು, ಕಾಡುಕುರುಬರು, ಯರವರು ಇದ್ದಾರೆ. ಅವರ ಹಾಡು ಶಾಲೆ ಒಳಗೆ ಬರೋದು ಹೆಚ್ಚಾಗಿ ಸ್ಟೇಜಿನ ಕುಣಿತವಾಗಿ, ಅತಿಥಿಗಳು ಬಂದಾಗ. ಕೂತು ಕೇಳುವ ಪಾಠವಾಗಿ ಬಂದರೆ, ಕ್ಲಾಸಿನಲ್ಲಿ ಸದಾ ಕೊನೇ ಬೆಂಚಿನ ಹುಡುಗ ಒಂದು ದಿನ ಎಲ್ಲರಿಗಿಂತ ಹೆಚ್ಚು ಗೊತ್ತಿರುವವನಾಗ್ತಾನೆ. ನನಗೆ ಇದು ಸಂಗೀತಕ್ಕಿಂತ ದೊಡ್ಡ ವಿಷಯ.

ಇಂಗ್ಲೆಂಡಿನಲ್ಲಿ ಹದಿನಾರರ ಮಕ್ಕಳು ಬರೆಯುವ ಜಿಸಿಎಸ್ಇ ಸಂಗೀತ ಪರೀಕ್ಷೆಯಲ್ಲಿ ಹಾಡುವುದು, ನುಡಿಸುವುದಕ್ಕೆ ಶೇ 30, ಸ್ವಂತ ರಚನೆಗೆ ಶೇ 30, ಕೇಳಿ ವಿಶ್ಲೇಷಿಸುವುದಕ್ಕೆ ಶೇ 40. ಅಲ್ಲೂ ಈ ವಿಷಯ ತಗೊಳ್ಳುವವರು ಕಡಿಮೆಯಾಗ್ತಿದ್ದಾರೆ, ದುಡ್ಡಿದ್ದವರ ಮಕ್ಕಳಿಗೇ ಅನುಕೂಲ ಅನ್ನೋ ದೂರಿದೆ. ಹಾಗಾಗಿ ಅದನ್ನ ನಕಲು ಮಾಡಿ ಅಂತ ನಾನು ಹೇಳಲ್ಲ. ಕೇಳೋದನ್ನ, ಕಟ್ಟೋದನ್ನ ಶಾಲೆಯಲ್ಲಿ ಕಲಿಸಬಹುದು, ಅಳೆಯಲೂಬಹುದು ಅನ್ನೋದಕ್ಕಷ್ಟೇ ಈ ಉದಾಹರಣೆ.

"ಸಂಗೀತ ಶಿಕ್ಷಕರೇ ಇಲ್ಲ, ಸ್ವಾಮಿ" ಅಂತೀರಿ. ನಿಜ, ನೇಮಕಾತಿ ಆಗಲೇಬೇಕು. ಆದರೆ ಅದಕ್ಕೆ ಕಾಯದೆ ಮಾಡಬಹುದಾದ್ದೂ ಇದೆ. ಕನ್ನಡ ಮೇಷ್ಟ್ರು ಪದ್ಯದ ಪಾಠ ಮುಗಿದ ಮೇಲೆ ಹುಡುಗರನ್ನ ಗುಂಪು ಮಾಡಿ, ಒಂದು ಚರಣಕ್ಕೆ ಅವರದೇ ಧಾಟಿ ಕಟ್ಟಿಸಬಹುದು. ಚೆನ್ನಾಗಿಲ್ಲ ಅಂದರೆ ಯಾಕಿಲ್ಲ ಅಂತ ಹುಡುಗರೇ ವಾದಿಸಲಿ. ಊರಿನ ಹಾಡುಗಾರರನ್ನ ಕರೆಸಲಿ, ಶಾಲು ಹೊದಿಸಿ ಕಳಿಸೋಕಲ್ಲ, ಸಂಭಾವನೆ ಕೊಟ್ಟು ಪಾಠ ಮಾಡಿಸೋಕೆ.

ಮತ್ತೆ ಪ್ರತಿಭಾ ಕಾರಂಜಿ. ಅಲ್ಲಿ ಭಾವಗೀತೆ ಇದೆ, ಜನಪದ ಗೀತೆ ಇದೆ, ಕವ್ವಾಲಿಯೂ ಇದೆ. ಎಲ್ಲಾ ಮೊದಲೇ ಕಲಿತು ಒಪ್ಪಿಸುವಂಥವು. ಮಾತಿಗೆ ಮಾತ್ರ ಆಶುಭಾಷಣ ಅಂತ ಇಟ್ಟಿದ್ದಾರೆ: ಚೀಟಿ ಎತ್ತು, ಯೋಚಿಸು, ಮಾತಾಡು. ಅದೇ ಚೀಟಿಯಲ್ಲಿ ನಾಲ್ಕು ಸಾಲು ಪದ್ಯ ಬರೆದಿಟ್ಟು, ಹತ್ತು ನಿಮಿಷ ಕೊಟ್ಟು, ಸ್ವಂತ ಧಾಟಿ ಕಟ್ಟಿ ಹಾಡು ಅನ್ನೋ ಸ್ಪರ್ಧೆ ಸೇರಿಸೋಕೆ ಬಜೆಟ್ ಬೇಡ, ಸಮಿತಿಯೂ ಬೇಡ. ಇಲಾಖೆಯ ಒಂದು ಸುತ್ತೋಲೆ ಸಾಕು.